ನಾಯಿಯ ಹೇಳಿಕೆ ಬರೆದುಕೊಂಡ ಸೋದರಮಾವ

ನನ್ನ ಸೋದರಮಾವ ಹುಚ್ಚರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ಖಂಡಿತ ನಂಬುವುದಿಲ್ಲ! ಅವರು ಹೊಳೆನರಸೀಪುರದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಕರಿ ಕೋಟು, ಬಿಳಿ ಪೇಟ, ಜೇಬಿನಲ್ಲಿ ಮಸಿ ಸೋರುವ ಪೆನ್ನು. ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಬರೆದುಕೊಳ್ಳುವುದು ಅವರ ಕೆಲಸ. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಮನುಷ್ಯರ ಹೇಳಿಕೆ. ಐದೂವರೆಯಿಂದ ನಾಯಿಗಳ ಹೇಳಿಕೆ!

ತಮಾಷೆ ಅಂದುಕೊಂಡಿರಾ? ನಾನು ಹತ್ತು ವರ್ಷದವಳಿದ್ದಾಗ ಬೇಸಿಗೆ ರಜಕ್ಕೆ ಅವ್ವನ ಜೊತೆ ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಮಾವನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಯಾರೂ ಕಾಣದೆ ಅವ್ವ ಹಿತ್ತಲ ಬಾಗಿಲು ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು. ಅವಳ ಸೊಂಟದ ಪಕ್ಕದಿಂದ ನಾನೂ ಇಣುಕಿದೆ. ಅಂಗಳದ ನಡುವೆ ಮಾವ, ಕೋಟು ಪೇಟದ ಸಮೇತ, ಎರಡೂ ಮೊಣಕೈಗಳನ್ನು ನೆಲಕ್ಕೆ ಊರಿ, ಹಿಂಭಾಗವನ್ನು ಆಕಾಶಕ್ಕೆ ಎತ್ತಿ ಕೂತಿದ್ದರು. ಕೂತಿದ್ದರು ಅನ್ನಬೇಕೋ, ನಿಂತಿದ್ದರು ಅನ್ನಬೇಕೋ, ಅದಕ್ಕೆ ಕನ್ನಡದಲ್ಲಿ ಪದವಿಲ್ಲ. ಅವರ ಎದುರಿಗೆ ಅದೇ ಭಂಗಿಯಲ್ಲಿ ಅವರ ನಾಯಿಮರಿ ಕೆಂಚ!

"ಅಯ್ಯೋ ಸಿವ್ನೇ! ಅಣ್ಣಯ್ಯಂಗೆ ಏನೋ ಬಡ್ಕಂಡೈತೆ! ಅತ್ಗೆ, ಓಡ್ಬಾ!" ಎಂದು ಅವ್ವ ಕಿರುಚಿದಳು.

ಅಡುಗೆಮನೆಯಿಂದ ಅತ್ತೆಯ ದನಿ ಮಾತ್ರ ಬಂತು. "ಏನೂ ಆಗಿಲ್ಲ ಕಣಮ್ಮಣ್ಣಿ. ದಿನಾ ಸಂಜೆ ಇಂಗೇಯ. ಕಾಪಿ ಕುಡೀತೀಯಾ?"

ಮಾವ ತಲೆ ಎತ್ತದೆ ಹೇಳಿದರು. "ಅವ್ನು ಕೈ ಮುಗ್ದವ್ನೆ. ನಾನು ತಿರುಗ್ಸಿ ಮುಗೀದಿದ್ರೆ ಮರ್ವಾದೆ ಆಯ್ತದಾ?"

ಅದು ಕೈ ಮುಗಿಯುವುದಂತೆ! ಮುಂಗಾಲು ನೆಲಕ್ಕೆ ಹಾಸಿ ಹಿಂಭಾಗ ಎತ್ತಿದರೆ, 'ಇನ್ನು ಮುಂದೆ ನಾನು ಕಚ್ಚಿದರೂ, ಗುರ್ ಅಂದರೂ, ಮೇಲೆ ಬಿದ್ದರೂ ಎಲ್ಲ ತಮಾಷೆ, ಮನಸ್ಸಿಗೆ ಹಾಕಿಕೊಳ್ಳಬೇಡ' ಎಂದು ನಾಯಿ ಮೊದಲೇ ತಿಳಿಸುವುದಂತೆ. "ನಮ್ ಜನ ನೋಡು ಕೂಸೆ," ಎಂದು ಮಾವ ಮಂಡಿಯ ಮಣ್ಣು ಒದರಿಕೊಂಡರು. "ಮೊದ್ಲು ಕಚ್ತಾರೆ, ಆಮ್ಯಾಕೆ ತಮಾಸೆಗೆ ಅಂತಾರೆ. ನಾಯಿ ಅಂಗಲ್ಲ. ಮೊದ್ಲೇ ನೋಟೀಸ್ ಕೊಡ್ತದೆ."

ಕೋರ್ಟು ಅವರ ತಲೆಗೆ ಹೋಗಿತ್ತು, ಅಷ್ಟೆ. ದಿನವಿಡೀ ದೇವರ ಮೇಲೆ ಆಣೆಯಿಟ್ಟು ಹೇಳಿದ ಸುಳ್ಳುಗಳನ್ನು ಚಂದದ ಅಕ್ಷರದಲ್ಲಿ ಬರೆದೂ ಬರೆದೂ ಅವರಿಗೆ ಮನುಷ್ಯನ ಬಾಯಿಯ ಮೇಲೆ ನಂಬಿಕೆ ಹೋಗಿಬಿಟ್ಟಿತ್ತು. ಆಟವಾಡುವ ನಾಯಿ ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಬರೀ ನಾಯಿಯನ್ನು ನೋಡಿದರೆ ಸಾಲದು, ಅದರ ಬಾಯಲ್ಲಿ ಏನಾದರೂ ಆಟದ ಸಾಮಾನು ಇರಬೇಕು. ಆಗಲೇ ಅದು ಮನಸ್ಸು ಬಿಚ್ಚುವುದು. ಇದಕ್ಕಾಗಿ ಅವರ ಬಳಿ ಒಂದು ತಗಡಿನ ಪೆಟ್ಟಿಗೆಯೇ ಇತ್ತು. ತೆಂಗಿನ ಚಿಪ್ಪು, ಮೊಳೆ ಬಿದ್ದುಹೋದ ಬುಗುರಿ, ಒಂಟಿ ಎಕ್ಕಡ, ಒಣಗಿದ ಜೋಳದ ದಿಂಡು. ಎಲ್ಲಕ್ಕಿಂತ ಮೇಲೆ ಒಂದು ಕೆಂಪು ಚೆಂಡು. ಕೋರ್ಟಿನ ಕಡತಗಳಿಗೆ ಸುತ್ತುವ ಕೆಂಪು ಬಟ್ಟೆ ಹರಿದು ಕಸಕ್ಕೆ ಬಿದ್ದಾಗ ಅದನ್ನು ಎತ್ತಿ ತಂದು, ಬಿಗಿಯಾಗಿ ಉಂಡೆ ಮಾಡಿ, ದಬ್ಬಳದಲ್ಲಿ ಹೊಲಿದದ್ದು. ನ್ಯಾಯದ ಬಟ್ಟೆ ಎಂದು ಅದಕ್ಕೆ ವಿಶೇಷ ಗೌರವ!

ಆ ರಜದಲ್ಲಿ ಒಂದು ದಿನ ಕೆಂಚ ನನ್ನ ಜಡೆಯ ಹೊಸ ಟೇಪನ್ನು ಸಿಗಿದುಹಾಕಿದ. ನಾನು ಅವನ ಬೆನ್ನಿಗೆ ಕಡ್ಡಿಪೊರಕೆಯಲ್ಲಿ ಎರಡು ಬಿಗಿದೆ. ಅವನು ಮೂಲೆ ಸೇರಿದ, ನಾನು ಜಗಲಿ ಸೇರಿದೆ. ಒಂದು ಇಡೀ ದಿನ ಇಬ್ಬರೂ ಮುಖ ನೋಡಲಿಲ್ಲ. ಮಾರನೇ ದಿನ ಕೆಂಚ ಕೆಂಪು ಚೆಂಡನ್ನು ಕಚ್ಚಿಕೊಂಡು ಬಂದ. ನನ್ನ ಹತ್ತಿರಕ್ಕೆ ಬರಲಿಲ್ಲ. ಅವನ ಮೂಲೆಗೂ ನನ್ನ ಜಗಲಿಗೂ ಸರಿಯಾಗಿ ನಡುವೆ ಅದನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ನಾನು ಗೆದ್ದೆ ಎಂದು ಚೆಂಡು ಎತ್ತಿಕೊಳ್ಳಲು ಓಡಿದೆ. "ಮುಟ್ಬ್ಯಾಡ!" ಎಂದು ಮಾವ ಕೂಗಿದ ರಭಸಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

"ಅದು ರಾಜಿ ಅರ್ಜಿ ಕಣ್ ಕೂಸೆ. ನಂದೂ ತಪ್ಪೈತೆ, ನಿಂದೂ ತಪ್ಪೈತೆ, ಅರ್ಧ ದಾರಿ ನಾನ್ ಬಂದಿವ್ನಿ, ಇನ್ನರ್ಧ ನೀನ್ ಬಾ ಅಂತವ್ನೆ. ಮೊಕ ಯಾಕೆ ತಿರುಗ್ಸವ್ನೆ ಯೋಳು? ನೀನು ಬರ್ನಿಲ್ಲ ಅಂದ್ರೆ ನಿಂಗೆ ಅವಮಾನ ಆಗ್ಬಾರ್ದು ಅಂತ!"

"ಎತ್ಕೊಂಡ್ರೆ ಏನಾಯ್ತದೆ ಮಾವ?"

"ಎತ್ಕಂಡ್ರೆ ನೀನು ಗೆದ್ದಂಗಾಯ್ತದೆ, ರಾಜಿ ಮುರೀತದೆ. ಬಗ್ಗಿ, ಅವ್ನ ಕಡೀಕೆ ಒಸಿ ಉಳ್ಳಿಸ್ಬುಡು. ಅಷ್ಟೇಯ."

ಉರುಳಿಸಿದೆ. ಕೆಂಚ ತಿರುಗಿ ನೋಡಿ, ಚೆಂಡನ್ನು ಕಚ್ಚಿ, ನನ್ನ ಸುತ್ತ ಮೂರು ಸುತ್ತು ಓಡಿದ. ಹಿಡಿಯಲು ಹೋದರೆ ಕೊಡ, ಹೋಗದಿದ್ದರೆ ಬಿಡ. ಚೆಂಡು ತೋರಿಸಿ ಓಡಿದರೆ 'ನನಗೆ ಬೇಕಾದ್ದು ಚೆಂಡಲ್ಲ, ನೀನು' ಎಂದರ್ಥವಂತೆ. ಹತ್ತು ವರ್ಷದ ನನಗೆ ಅದೆಲ್ಲ ಪರಮ ಸತ್ಯವಾಗಿ ಕಂಡಿತು. ಚನ್ನರಾಯಪಟ್ಟಣಕ್ಕೆ ಹಿಂತಿರುಗಿ ಮೇಷ್ಟ್ರ ಎದುರು ಕೈ ಮುಗಿಯುವ ಬದಲು ಮೊಣಕೈ ಊರಿ ಪೆಟ್ಟು ತಿಂದದ್ದು ಬೇರೆ ಕಥೆ.

ಮಾವ ಈ ವಿದ್ಯೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಇಟ್ಟುಕೊಂಡರೇ? ಒಮ್ಮೆ ರುದ್ರಪಟ್ಟಣದಲ್ಲಿ ಅವರ ಸ್ನೇಹಿತರೊಬ್ಬರ ಮನೆಯ ಪಡಸಾಲೆಯಲ್ಲಿ ಹಾಡುಗಾರಿಕೆ. ಆ ಊರಿನಲ್ಲಿ ಸಂಗೀತ ನಡೆಯುವಾಗ ಕೆಮ್ಮುವವರು ಕೂಡ ಹೊರಗೆ ಹೋಗಿ ಕೆಮ್ಮಿ ಬರುತ್ತಾರೆ. ವಿದ್ವಾಂಸರು ಆಲಾಪನೆ ಮುಗಿಸಿ, ತೊಡೆಯ ಮೇಲೆ ತಾಳ ಹಾಕುತ್ತ ಕೀರ್ತನೆಗೆ ಬಂದಿದ್ದರು. ಎಲ್ಲಿಂದಲೋ ಒಂದು ಬೀದಿನಾಯಿ ತೆಂಗಿನ ಚಿಪ್ಪು ಕಚ್ಚಿಕೊಂಡು ಬಂದು, ನೆರೆದ ಸಭೆಯ ನಡುವೆಯೇ ನಡೆದು, ಚಿಪ್ಪನ್ನು ವಿದ್ವಾಂಸರ ತೊಡೆಯ ಮುಂದೆ ಇಟ್ಟು, ಬಾಲ ಅಲ್ಲಾಡಿಸುತ್ತ ಅವರ ಕೈಯನ್ನೇ ನೋಡುತ್ತ ನಿಂತಿತು. ಯಾರೋ 'ಹಚಾ' ಎಂದರು. ಇನ್ಯಾರೋ ಕೊಡೆ ಎತ್ತಿದರು. ಮಾವ ಎದ್ದು ನಿಂತರು!

"ಒಡೀಬ್ಯಾಡಿ! ಅದ್ರ ತಪ್ಪಿಲ್ಲ! ವಿದ್ವಾಂಸರು ಆವಾಗ್ಲಿಂದ ಕೈ ಎತ್ತೋದು ಇಳ್ಸೋದು ಮಾಡ್ತಾವ್ರೆ. ಈಗ ಎಸೀತಾರೆ, ಆಗ ಎಸೀತಾರೆ ಅಂತ ಕಾದೂ ಕಾದೂ, ಕೈಲಿ ಏನೂ ಇಲ್ವಲ್ಲ ಪಾಪ ಅಂತ ತಾನೇ ಚಿಪ್ಪು ತಂದ್ಕೊಟ್ಟೈತೆ!"

ಸಭೆ ಬೆಚ್ಚಿಬಿತ್ತು. ಪಿಟೀಲಿನವರ ಕಮಾನು ಗಾಳಿಯಲ್ಲೇ ನಿಂತಿತು. ಅತ್ತೆ ಸೆರಗಿನಿಂದ ಇಡೀ ಮುಖ ಮುಚ್ಚಿಕೊಂಡರು. ವಿದ್ವಾಂಸರು ತಮ್ಮ ಕೈ ನೋಡಿಕೊಂಡರು, ಚಿಪ್ಪು ನೋಡಿದರು, ನಾಯಿಯನ್ನು ನೋಡಿದರು. ಆಮೇಲೆ ಚಿಪ್ಪನ್ನು ಎತ್ತಿ ಬಾಗಿಲಾಚೆಗೆ ಎಸೆದೇಬಿಟ್ಟರು. ನಾಯಿ ಬಾಣದಂತೆ ಹೋಯಿತು. "ನನ್ನ ತಾಳವನ್ನು ಇಷ್ಟು ಗಮನವಿಟ್ಟು ನೋಡಿದ ರಸಿಕರನ್ನು ನಾನು ಕಂಡಿಲ್ಲ" ಎಂದು ಕೀರ್ತನೆ ಮುಂದುವರಿಸಿದರು. ಆದರೆ ತಾಳ ಹಾಕುವಾಗ ಕೈಯನ್ನು ಮೊದಲಿನಷ್ಟು ಮೇಲಕ್ಕೆ ಎತ್ತಲಿಲ್ಲ.

ಇಂಥವರ ಖ್ಯಾತಿ ಹಬ್ಬದೇ ಇರುತ್ತದೆಯೇ? ಹೊಳೆನರಸೀಪುರ ದಾಟಿ ಅರಕಲಗೂಡಿನವರೆಗೆ ಹಬ್ಬಿತ್ತು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ನಯಾಪೈಸೆ ಬಂದು ಎರಡು ಮೂರು ವರ್ಷವಾಗಿದ್ದ ಕಾಲ. ನನಗೆ ಇಪ್ಪತ್ತು. ಅರಕಲಗೂಡಿನಿಂದ ಒಂದು ಗಂಡು ಬಂದಿತ್ತು. ಓವರ್ಸಿಯರ್ ಕೆಲಸ. ನನ್ನನ್ನು ನೋಡಲು ಬಂದ ದಿನ ಎಲ್ಲರೂ ನನಗೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದರೆ ಆತ ಮಾತ್ರ "ಈಗ ಯಾವ ಪುಸ್ತಕ ಓದ್ತಾ ಇದೀರಾ?" ಎಂದು ಕೇಳಿದರು. ಮುಚ್ಚುಮರೆ ಏಕೆ? ನನಗೆ ಆತ ಬಹಳ ಹಿಡಿಸಿದರು. ಇನ್ನು ಉಳಿದಿದ್ದು ನಮ್ಮ ಕಡೆಯ ಹಿರಿಯರು ಹೋಗಿ ಗಂಡಿನ ಮನೆ ನೋಡಿಕೊಂಡು ಬರುವುದು. ಅಪ್ಪ, ಅವ್ವ, ಸೋದರಮಾವ ಹೊರಟರು. ನಮ್ಮಲ್ಲಿ ಸೋದರಮಾವ ಒಪ್ಪದೆ ಹೆಣ್ಣಿನ ಮದುವೆಯ ಮಾತು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಅಲ್ಲಿ ನಡೆದದ್ದನ್ನು ಅವ್ವ ಹೇಳಿದಂತೆ ಹೇಳುತ್ತೇನೆ. ಮನೆ ಚೆನ್ನಾಗಿತ್ತು. ಜನ ಚೆನ್ನಾಗಿದ್ದರು. ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು. ಕಂಬಕ್ಕೆ ಉದ್ದ ಹಗ್ಗದಲ್ಲಿ ಕಟ್ಟಿದ್ದ ಒಂದು ಬಿಳಿ ನಾಯಿ ಜೋಳದ ದಿಂಡು ಕಚ್ಚಿಕೊಂಡು ಮಲಗಿತ್ತು. ಅದನ್ನು ಕಂಡದ್ದೇ ಮಾವನ ಮುಖ ಅರಳಿತು. "ಓಹೋ, ನಾಯಿ ಸಾಕೀರಾ!" ಎಂದರು. ಗಂಡಿನ ಅಪ್ಪ "ನಮ್ಮ ಹುಡುಗನಿಗೆ ನಾಯಿ ಅಂದ್ರೆ ಪ್ರಾಣ" ಎಂದರು. ಆಗ ಗಂಡು ಒಳಗಿನಿಂದ ಬಂದು, ಬಗ್ಗಿ, ನಾಯಿಯ ತಲೆ ಸವರಲು ಕೈ ಚಾಚಿದರು. ನಾಯಿ ಬಾಯಿಯ ದಿಂಡನ್ನು ಟಪ್ಪನೆ ಬಿಟ್ಟಿತು. ಕಿವಿ ಹಿಂದಕ್ಕೆ ಒತ್ತಿ, ಹೊಟ್ಟೆ ನೆಲಕ್ಕೆ ಹಚ್ಚಿ, ತೆವಳಿಕೊಂಡು ಹೋಗಿ ಬೆಂಚಿನ ಕೆಳಗೆ ಸೇರಿ, ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

ಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ಬಾವ, ಏಳಿ. ಈ ಮನೆಗೆ ನಮ್ ಕೂಸು ಬ್ಯಾಡ."

"ಯಾಕೆ ಸ್ವಾಮಿ, ಏನಾಯ್ತು?" ಎಂದು ಗಂಡಿನ ಅಪ್ಪ ಗಾಬರಿಯಿಂದ ಎದ್ದರು. "ಉಪ್ಪು ಜಾಸ್ತಿ ಆಯ್ತಾ?"

"ಸಾಕ್ಸಿ ಏಳ್ಕೆ ಆಯ್ತು ಸ್ವಾಮಿ. ಮನೆ ನಾಯಿ ಯಜಮಾನನ್ನ ಕಂಡು ಆಟದ ಸಾಮಾನು ಬಿಸಾಕಿ ಅಡಗ್ತು ಅಂದ್ರೆ, ಬಾಗ್ಲು ಆಕ್ಕಂಡು ಒಡೀತಾರೆ ಅಂತ್ಲೇಯ. ಇವತ್ತು ನಾಯಿ. ನಾಳೆ ನಮ್ ಕೂಸು."

ಅವ್ವ ಕೇಸರಿಬಾತನ್ನು ಬಾಯಲ್ಲಿಟ್ಟುಕೊಂಡವಳು ನುಂಗಲೂ ಆಗದೆ ಉಗುಳಲೂ ಆಗದೆ ಬಸ್ ಸ್ಟ್ಯಾಂಡಿನವರೆಗೆ ಹಾಗೇ ಬಂದಳಂತೆ!

ನಾನು ಅತ್ತುಬಿಟ್ಟೆ. ಕೂಗಾಡಿದೆ. "ನಾಯಿ ಮಾತು ಕೇಳಿ ನನ್ನ ಮದುವೆ ಮುರೀತೀರಾ?" ಎಂದೆ. ಅಪ್ಪ ತಲೆ ತಗ್ಗಿಸಿದರು. ಮಾವ ಮಾತ್ರ ನನ್ನ ಎದುರು ಕೂತು, "ನಿಂಗೆ ಒಂದೇಟು ಬಿದ್ದದ್ದು ಕೇಳುದ್ರೆ ನಾನ್ ಬದ್ಕಾಕಿಲ್ಲ ಕೂಸೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಹಾಗಾಗಿ ನಾನೂ ಸುಮ್ಮನಾದೆ. ಪಾರಾದೆನೇನೋ ಎಂದು ಕೂಡ ಅನ್ನಿಸಲು ಶುರುವಾಯಿತು.

ಆರು ತಿಂಗಳು ಕಳೆದವು. ಒಂದು ದಿನ ಕೋರ್ಟಿಗೆ ಅರಕಲಗೂಡಿನ ಕಡೆಯ ರೈತನೊಬ್ಬ ಸಾಕ್ಷಿ ಹೇಳಲು ಎತ್ತಿನ ಗಾಡಿಯಲ್ಲಿ ಬಂದ. ಗಾಡಿಯ ಅಚ್ಚಿನ ಕೆಳಗೆ ಒಂದು ಬಿಳಿ ನಾಯಿ ಓಡಿಕೊಂಡು ಬಂದಿತ್ತು. ಊಟದ ಹೊತ್ತಿನಲ್ಲಿ ಹೊರಗೆ ಬಂದ ಮಾವ ಕಲ್ಲಾಗಿ ನಿಂತರಂತೆ. ಅದೇ ನಾಯಿ! ಆ ರೈತನ ಎದುರು ಮುಂಗಾಲು ಹಾಸಿ, ಹಿಂಭಾಗ ಎತ್ತಿ, ಅವನ ಬಾರುಕೋಲಿನ ತುದಿ ಕಚ್ಚಿ ಎಳೆದು ಕುಣಿಯುತ್ತಿದೆ!

"ಇದು ಯಾರ್ ನಾಯಿ ಕಣಯ್ಯಾ?"

"ನಮ್ದೇಯ ಸಾ. ಮರೀಲಿಂದ ನಾನೇ ಸಾಕಿವ್ನಿ."

"ಅರಕಲಗೂಡಲ್ಲಿ ಓವರ್ಸಿಯರ್ ಮನೇಲಿ ಇತ್ತಲ್ಲ?"

ರೈತ ನಕ್ಕುಬಿಟ್ಟ. "ಅಯ್ಯೋ, ಅದಾ ಸಾ! ಒಂದಿನದ ಮಟ್ಟಿಗೆ ಇಸ್ಕಂಡ್ ಓಗಿದ್ರು. ಎಣ್ಣಿನ ಸೋದರ್ಮಾವಂಗೆ ನಾಯಿ ಅಂದ್ರೆ ಪಿರಾಣವಂತೆ, ಮನೇಲಿ ನಾಯಿ ಕಂಡ್ರೆ ತಟ್ ಅಂತ ಒಪ್ಕತಾರಂತೆ ಅಂತ. ಆ ಸ್ವಾಮಿಗೋ ನಾಯಿ ಮುಟ್ಟೇ ಗೊತ್ತಿಲ್ಲ. ಇದ್ಕೋ ಕಟ್ಟಾಕಿ ಗೊತ್ತಿಲ್ಲ. ಎದ್ರುಕಂಡು ಉಚ್ಚೆ ಉಯ್ಕಂಡ್ ಬಂತು ಪಾಪ!"

ಕೇಳಿದಿರಾ? ಹೆಣ್ಣು ಗಂಡು ನೋಡುವ ದಿನ ಪಕ್ಕದ ಮನೆಯಿಂದ ಕುರ್ಚಿ ತರುತ್ತಾರೆ, ಬೆಳ್ಳಿ ಲೋಟ ತರುತ್ತಾರೆ, ಹೆಣ್ಣಿನ ಕುತ್ತಿಗೆಗೆ ಎರವಲು ಸರ ಹಾಕುತ್ತಾರೆ. ಇದೆಲ್ಲ ನಮ್ಮ ಕಡೆ ಇದ್ದದ್ದೇ. ಆದರೆ ಎರವಲು ನಾಯಿ! ಮಾವನನ್ನು ಮೆಚ್ಚಿಸಲೆಂದೇ ತಂದ ನಾಯಿ! ಮಾವ ನಾಯಿಯ ಮಾತನ್ನು ಸರಿಯಾಗಿಯೇ ಓದಿದ್ದರು. 'ಈ ಮನುಷ್ಯ ಯಾರೋ, ನನಗೆ ಭಯ' ಎಂದು ಅದು ಹೇಳಿದ್ದು ನಿಜ. ಅದು ಯಾರ ಮನೆಯ ನಾಯಿ ಎಂದು ಕೇಳುವುದನ್ನು ಮಾತ್ರ ಮರೆತಿದ್ದರು.

ಅವರು ಅಂದೇ ರಜ ಬರೆದು ಅರಕಲಗೂಡಿಗೆ ಓಡಿದರು. ಗಂಡಿಗೆ ಬೇರೆ ಕಡೆ ಮದುವೆಯಾಗಿ ಎರಡು ತಿಂಗಳಾಗಿತ್ತು. ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ಪೇಟ ತೆಗೆದು ಕೈಯಲ್ಲಿ ಹಿಡಿದು, ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದರು. ಮುಚ್ಚಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತೆಪ್ಪಾಯ್ತು ಕೂಸೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಇನ್ನು ನನ್ನ ಮುಖ ನೋಡಬೇಡಿ ಮಾವ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದಿತ್ತು. ಎರಡು ವರ್ಷದ ಮೇಲೆ ಹಾಸನದ ಹೈಸ್ಕೂಲು ಮೇಷ್ಟ್ರೊಬ್ಬರ ಜೊತೆ ನನ್ನ ಮದುವೆ ನಿಶ್ಚಯವಾಯಿತು. ಧಾರೆಯ ದಿನ ಸೋದರಮಾವನೇ ಹೆಣ್ಣಿನ ಕೈಹಿಡಿದು ಹಸೆಮಣೆಗೆ ಕರೆತರಬೇಕು. ಮಾವ ಹೊಸ ಪಂಚೆ ಉಟ್ಟು, ಕೋಣೆಯ ಬಾಗಿಲಿಗೆ ಬಂದು ಕೈ ಚಾಚಿದರು. ನಾನು ಆ ಕೈ ಹಿಡಿಯಲಿಲ್ಲ. "ಚಿಕ್ಕಪ್ಪ ಕರ್ಕೊಂಡು ಹೋಗ್ಲಿ" ಎಂದೆ. ಅವ್ವ ಬಾಯಿಗೆ ಕೈ ಇಟ್ಟಳು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಾವ ಅದನ್ನು ಚಪ್ಪರದ ಕಂಬಕ್ಕೆ ಊರಿಕೊಂಡು ನಿಂತರು. ಮದುವೆ ಮುಗಿಯುವವರೆಗೂ ಹಾಗೇ ನಿಂತಿದ್ದರು.

ನನ್ನ ಗಂಡ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ, ಕಥೆಯೆಲ್ಲ ಕೇಳಿದ ಮೇಲೆ "ಆ ಬಿಳಿ ನಾಯಿ ಎಲ್ಲಿದೆ ಹೇಳು, ಒಂದು ಹಾರ ಹಾಕಿ ಬರ್ತೀನಿ" ಎಂದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ವರ್ಷದೊಳಗೆ ನನ್ನ ಸಿಟ್ಟು ಇಳಿದೂ ಹೋಗಿತ್ತು. ಮಾತು ಬಿಟ್ಟದ್ದು ಮಾತ್ರ ಅಭ್ಯಾಸವಾಗಿ ಉಳಿಯಿತು. ಹಬ್ಬಕ್ಕೆ, ನಾಮಕರಣಕ್ಕೆ ಎದುರಾದಾಗ ಮೊದಲು ಯಾರು ಮಾತಾಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಮಾವ ಆಡುತ್ತಿರಲಿಲ್ಲ, ಮುಖ ನೋಡಬೇಡಿ ಎಂದವಳು ನಾನಲ್ಲವೇ! ನಾನು ಆಡುತ್ತಿರಲಿಲ್ಲ, ಅದಕ್ಕೆ ಹಟ ಎಂದು ಹೆಸರು. ತಗಡಿನ ಪೆಟ್ಟಿಗೆ ಅಟ್ಟ ಸೇರಿತಂತೆ. ಕೆಂಚ ಎಕ್ಕಡ ತಂದರೂ ಮಾವ ಆಡುವುದಿಲ್ಲ, ಬೀದಿನಾಯಿಗಳ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಅತ್ತೆ ಅವ್ವನ ಹತ್ತಿರ ಹೇಳಿ ಅತ್ತರಂತೆ. ದಿನಾ ಸಂಜೆ ಗಂಡ ಅಂಗಳದಲ್ಲಿ ನಾಲ್ಕು ಕಾಲಲ್ಲಿ ನಿಲ್ಲುವುದನ್ನು ಸಹಿಸಿಕೊಂಡವರು, ಅವರು ಎರಡೇ ಕಾಲಲ್ಲಿ ನಿಂತದ್ದಕ್ಕೆ ಅತ್ತರು!

ಮಾತು ಬಿಟ್ಟು ಹೀಗೆ ನಾಲ್ಕು ವರ್ಷವಾಗಿತ್ತು. ಒಂದು ಬೆಳಗ್ಗೆ ಹೊಳೆನರಸೀಪುರದಿಂದ ಸುದ್ದಿ ಬಂತು. ಮೂರು ದಿನದ ಹಿಂದೆ ಮಾವನಿಗೆ ಲಕ್ವ ಹೊಡೆದಿತ್ತು.

ನಾನು, ನನ್ನ ಗಂಡ ಹಾಸನದಿಂದ ಸಿಕ್ಕಿದ ಬಸ್ಸು ಹತ್ತಿದೆವು. ಪಡಸಾಲೆಯ ತುಂಬ ನೆಂಟರು. ಗೋಡೆಯ ಪಕ್ಕ ಮಂಚದ ಮೇಲೆ ಮಾವ. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬಾಯಿ ಒಂದು ಕಡೆಗೆ ಎಳೆದಿತ್ತು. ಮಂಚದ ಕೆಳಗೆ ಮುದಿ ಕೆಂಚ. "ಮಾತು ನಿಂತೋಯ್ತು ಕಣವ್ವ," ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. "ಮೂರು ದಿನದಿಂದ ಎಡಗೈಲಿ ಅಟ್ಟಾನೇ ತೋರುಸ್ತಿದ್ರು. ಏನು ಬೇಕೋ ತಿಳೀನಿಲ್ಲ. ಕಡೀಕೆ ಆ ಪೆಟ್ಗೆ ಇಳ್ಸುದ್ರೆ, ಆ ಹಾಳು ಚೆಂಡು ಎತ್ಕಂಡು ದಿಂಬಿನಡೀಲಿ ಇಟ್ಕಂಡ್ರು."

ನಾನು ಬಾಗಿಲಲ್ಲೇ ನಿಂತೆ. ನಾಲ್ಕು ವರ್ಷ ಆಡದ ಮಾತನ್ನು, ಮಾತೇ ಹೋದವರ ಎದುರು ಹೇಗೆ ಶುರು ಮಾಡುವುದು? ಮಾವ ನನ್ನನ್ನು ನೋಡಿದರು. ದಿಂಬಿನ ಕೆಳಗೆ ಎಡಗೈ ಹಾಕಿ ಕೆಂಪು ಚೆಂಡನ್ನು ಎಳೆದರು. ಮಂಚದ ಅಂಚಿನಿಂದ ಅದನ್ನು ಮೆಲ್ಲಗೆ ಬಿಟ್ಟರು. ಚೆಂಡು ನೆಲಕ್ಕೆ ಬಿದ್ದು, ಗಾರೆಯ ಮೇಲೆ ಉರುಳಿಕೊಂಡು ಬಂದು, ಮಂಚಕ್ಕೂ ಬಾಗಿಲಿಗೂ ನಡುವೆ ನಿಂತಿತು. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು.

"ಅಯ್ಯೋ, ಬಿದ್ದೋಯ್ತಾ?" ಎಂದು ಅತ್ತೆ ಬಗ್ಗಿದರು.

"ಮುಟ್ಟಬೇಡಿ ಅತ್ತೆ!" ಎಂದು ನಾನು ಕೂಗಿದ ರಭಸಕ್ಕೆ ಪಡಸಾಲೆಯೇ ಬೆಚ್ಚಿತು.

ಆಮೇಲೆ ನಾನು ಮಾಡಿದ್ದನ್ನು ನನ್ನ ಗಂಡ ಇವತ್ತಿಗೂ ಯಾರ ಎದುರೂ ಹೇಳುವುದಿಲ್ಲ. ಅಷ್ಟು ಜನ ನೆಂಟರ ನಡುವೆ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಮೊಣಕೈಗಳನ್ನು ಗಾರೆಯ ನೆಲಕ್ಕೆ ಊರಿ ಬಗ್ಗಿದೆ. ಚೆಂಡನ್ನು ಎತ್ತಿಕೊಳ್ಳಲಿಲ್ಲ. ಮಂಚದ ಕಡೆಗೆ ಉರುಳಿಸಿದೆ. ಯಾರದೋ ಕೈಯಿಂದ ಲೋಟ ಬಿತ್ತು. "ಅಯ್ಯಯ್ಯೋ, ಇವ್ಳ್ಗೂ ಅಂಟ್ಕಂಬುಡ್ತಲ್ಲಪ್ಪಾ!" ಎಂದು ಅತ್ತೆ ನನ್ನ ಗಂಡನ ಕಡೆ ತಿರುಗಿ ಅಳುತ್ತಲೇ ನಗತೊಡಗಿದರು.

ಚೆಂಡು ಮಂಚದ ಕಾಲಿಗೆ ತಗುಲಿದ ಸದ್ದು ಕೇಳಿ ಮಾವ ತಿರುಗಿದರು. ಸ್ವಾಧೀನದಲ್ಲಿದ್ದ ಅರ್ಧ ಮುಖ ಪೂರಾ ನಕ್ಕಿತು. ಇನ್ನರ್ಧದ ಮೇಲೆ ಕಣ್ಣೀರು ಇಳಿಯಿತು.

"ತಪ್ಪಾಯ್ತು ಮಾವ" ಎಂದೆ. ಎದ್ದು ಹೋಗಿ ಮಂಚದ ಅಂಚಿನಲ್ಲಿ ಕೂತು, ಧಾರೆಯ ದಿನ ಕೊಡದಿದ್ದ ಕೈಯನ್ನು ಅವರ ಎಡಗೈಯೊಳಗೆ ಇಟ್ಟೆ. ಅವರು ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲಿಲ್ಲ. ಹಾಸನಕ್ಕೆ ಹೋಗುವ ಕೊನೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ನನ್ನ ಗಂಡ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.